ಕೂತು ಕೆಟ್ಟ ಮಷಿನ್, ಓಡಿ ಕೆಟ್ಟ ಮಷಿನ್: ಚೈನ್ ಸಾ ದೋಷ ಹುಡುಕುವ ಬಗೆ

ಶಿರಸಿಯಲ್ಲಿ ನನ್ನ ರಿಪೇರಿ ಮೇಜಿಗೆ ಜೂನ್‌ನಲ್ಲಿ ಬರುವ ಚೈನ್ ಸಾ ಬೇರೆ, ಫೆಬ್ರವರಿಯಲ್ಲಿ ಬರುವ ಚೈನ್ ಸಾ ಬೇರೆ. ಜೂನ್‌ನಲ್ಲಿ ಬರುವುದು ಮನೆ ಬಳಕೆಯ ಸಣ್ಣ ಮಷಿನ್. ಮೊದಲ ಗಾಳಿಮಳೆಗೆ ತೋಟದ ದಾರಿಗೆ ಮರ ಬಿದ್ದಿರುತ್ತದೆ. ಅಟ್ಟದಿಂದ ಇಳಿಸಿ ಹಗ್ಗ ಎಳೆದರೆ ಉಸಿರೇ ಇಲ್ಲ. ಫೆಬ್ರವರಿಯಲ್ಲಿ ಬರುವುದು ದಿನಗೂಲಿಗೆ ಮರ ಕೊಯ್ಯುವವರ ದೊಡ್ಡ ಮಷಿನ್. ಅದು ಸ್ಟಾರ್ಟ್ ಆಗುತ್ತದೆ, ಆದರೆ ಬಿಸಿಯಾದ ಮೇಲೆ ಶಕ್ತಿ ಇಲ್ಲ, ಇಲ್ಲವೇ ರೇಸ್ ಇಳಿಯುವುದಿಲ್ಲ.

"ತಮಾ, ಹೋದ ವರ್ಷ ಇಡುವಾಗ ಸರಿಯಾಗೇ ಇತ್ತು. ಆಮೇಲೆ ಒಂದು ದಿನವೂ ಮುಟ್ಟಿಲ್ಲ. ಹ್ಯಾಗೆ ಕೆಟ್ಟಿತು?"

"ಮುಟ್ಟದೇ ಇದ್ದದ್ದಕ್ಕೇ ಕೆಟ್ಟಿದ್ದು ಮಾವ."

ಈ ಮಾತು ಪ್ರತಿ ಮಳೆಗಾಲದಲ್ಲೂ ನಾಲ್ಕಾರು ಸಲ ನಡೆಯುತ್ತದೆ. ಮನೆ ಮಷಿನ್ ಹೆಚ್ಚಾಗಿ ಕೂತು ಕೆಡುತ್ತದೆ. ವೃತ್ತಿಯವರ ಮಷಿನ್ ಓಡಿ ಕೆಡುತ್ತದೆ. ಹಾಗಾಗಿ ಸ್ಕ್ರೂಡ್ರೈವರ್ ಹಿಡಿಯುವ ಮೊದಲು ನಾನು ಕೇಳುವುದು ಒಂದೇ ಪ್ರಶ್ನೆ: ಕೊನೆಯ ಸಲ ಓಡಿದ್ದು ಯಾವಾಗ? ತಿಂಗಳ ಹಿಂದೆ ಅಂದರೆ ಪೆಟ್ರೋಲ್ ಕಡೆಯಿಂದ ಹುಡುಕಲು ಶುರು ಮಾಡುತ್ತೇನೆ. ನಿನ್ನೆ ಅಂದರೆ ಗಾಳಿ, ಹೊಗೆ, ಸವೆತದ ಕಡೆಯಿಂದ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾರ್ಬೊರೇಟರ್ ಪಕ್ಕದ ಸಣ್ಣ ಸ್ಕ್ರೂಗಳನ್ನು ಕೊನೆಯವರೆಗೂ ಮುಟ್ಟಬೇಡಿ. ನಿನ್ನೆವರೆಗೆ ಅದೇ ಸೆಟ್ಟಿಂಗ್‌ನಲ್ಲಿ ಓಡಿದ ಮಷಿನ್‌ನ ಸ್ಕ್ರೂ ರಾತ್ರೋರಾತ್ರಿ ತಾನಾಗೇ ತಿರುಗುವುದಿಲ್ಲ ಅಲ್ವಾ? ಬೇರೆ ಏನೋ ಬದಲಾಗಿದೆ. ಅದನ್ನು ಹುಡುಕಬೇಕು.

ಸ್ಟಾರ್ಟೇ ಆಗುವುದಿಲ್ಲ

ಸ್ವಿಚ್ ಆನ್ ಇದೆಯಾ, ಚೋಕ್ ಸರಿಯಾದ ಜಾಗದಲ್ಲಿದೆಯಾ ನೋಡಿ. ಸುಮ್ನೆ ಹೇಳುತ್ತಿಲ್ಲ, ಬರೀ ಸ್ವಿಚ್ ಆಫ್ ಇದ್ದ ಮಷಿನ್ ಹೊತ್ತು ಸಿದ್ದಾಪುರದಿಂದ ಬಂದವರಿದ್ದಾರೆ.

ಹತ್ತು ಸಲ ಹಗ್ಗ ಎಳೆದ ಮೇಲೂ ಹಿಡಿಯದಿದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ. ಪ್ಲಗ್ ತುದಿ ಒದ್ದೆಯೋ ಒಣಗಿದೆಯೋ ಎಂಬುದೇ ಮುಂದಿನ ದಾರಿ ತೋರಿಸುತ್ತದೆ.

ಒದ್ದೆ ಇದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ ಅಥವಾ ಪೆಟ್ರೋಲ್ ಜಾಸ್ತಿಯಾಗಿ ಕಟ್ಟಿಕೊಂಡಿದೆ. ಪ್ಲಗ್ ಒರೆಸಿ. ಚೋಕ್ ತೆಗೆದು, ಪ್ಲಗ್ ಇಲ್ಲದೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಐದಾರು ಸಲ ಹಗ್ಗ ಎಳೆದರೆ ಒಳಗಿನ ಪೆಟ್ರೋಲ್ ಹೊರಗೆ ಚಿಮ್ಮುತ್ತದೆ. ಅದು ಆರಿದ ಮೇಲೆ ಕಿಡಿ ನೋಡಿ. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಮೈಯನ್ನು ಸಿಲಿಂಡರ್ ಲೋಹಕ್ಕೆ ತಾಗಿಸಿ ಹಿಡಿದು ಹಗ್ಗ ಎಳೆಯಿರಿ. ಪ್ಲಗ್ ತೂತಿನಿಂದ ದೂರ ಹಿಡಿಯಬೇಕು, ಅಲ್ಲಿಂದ ಪೆಟ್ರೋಲ್ ಆವಿ ಬರುತ್ತಿರುತ್ತದೆ. ನೆರಳಿನಲ್ಲಿ ನೀಲಿ ಕಿಡಿ ಕಾಣಬೇಕು. ಇಲ್ಲದಿದ್ದರೆ ಹೊಸ ಪ್ಲಗ್ ಹಾಕಿ ನೋಡಿ, ಗ್ಯಾಪ್ 0.5 ಮಿ.ಮೀ. ಆಗಲೂ ಇಲ್ಲವೇ? ಸ್ವಿಚ್‌ಗೆ ಹೋಗುವ ತೆಳು ವೈರನ್ನು ಕಿಡಿ ಹುಟ್ಟಿಸುವ ಕಾಯಿಲ್‌ನಿಂದ ಕಳಚಿ ಮತ್ತೆ ಎಳೆಯಿರಿ. ಈಗ ಕಿಡಿ ಬಂದರೆ ವೈರ್ ಎಲ್ಲೋ ಸವೆದು ಮೈಗೆ ತಾಗಿದೆ. ಬಾರದಿದ್ದರೆ ಕಾಯಿಲ್ ಅಥವಾ ಅದರ ಗ್ಯಾಪ್. ಕಾಯಿಲ್‌ಗೂ ಫ್ಲೈವೀಲ್ ಮ್ಯಾಗ್ನೆಟ್‌ಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ದಪ್ಪದಷ್ಟು ಜಾಗ ಸಾಕು. ಕಾರವಾರ, ಅಂಕೋಲಾ, ಕುಮಟಾ ಕಡೆಯಿಂದ ಬರುವ ಮಷಿನ್‌ಗಳಲ್ಲಿ ಉಪ್ಪುಗಾಳಿಗೆ ಈ ಮ್ಯಾಗ್ನೆಟ್ ಮೇಲೆ ತುಕ್ಕಿನ ಪದರ ಕೂತಿರುತ್ತದೆ. ಸಣ್ಣ ಮರಳು ಕಾಗದದಲ್ಲಿ ಉಜ್ಜಿ ತೆಗೆದರೆ ಕಾಯಿಲ್ ಬದಲಿಸುವ ಖರ್ಚು ಎಷ್ಟೋ ಸಲ ಉಳಿದಿದೆ.

ಪ್ಲಗ್ ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ. ಪ್ಲಗ್ ತೂತಿಗೆ ಕಾಲು ಚಮಚ ಮಿಶ್ರಣ (ಟೂಟಿ ಆಯಿಲ್, ಅಂದರೆ ಟೂ-ಸ್ಟ್ರೋಕ್ ಇಂಜಿನ್ ಆಯಿಲ್, ಕಲಸಿದ ಪೆಟ್ರೋಲ್) ಹಾಕಿ, ಪ್ಲಗ್ ಕೂರಿಸಿ ಎಳೆಯಿರಿ. ಎರಡು ಮೂರು ಸೆಕೆಂಡ್ ಹೊತ್ತಿ ಆರಿತು ಅಂದರೆ ಒಳ್ಳೆಯ ಸುದ್ದಿ. ಕಿಡಿಯೂ ಇದೆ, ಕಂಪ್ರೆಶನ್ನೂ (ಸಿಲಿಂಡರಿನೊಳಗಿನ ಒತ್ತಡ) ಇದೆ. ದೋಷ ಟ್ಯಾಂಕ್ ಮತ್ತು ಕಾರ್ಬೊರೇಟರ್ ನಡುವೆ ಮಾತ್ರ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಕೂತು ಕೆಟ್ಟ ಮಷಿನ್‌ಗಳ ದೋಷ ಹೆಚ್ಚಾಗಿ ಇಲ್ಲಿಯೇ ಇರುತ್ತದೆ. ಟ್ಯಾಂಕಿನಲ್ಲಿ ಇರುವುದನ್ನೆಲ್ಲ ಒಂದು ಗಾಜಿನ ಬಾಟಲಿಗೆ ಸುರಿದು ಹತ್ತು ನಿಮಿಷ ಅಲುಗಾಡಿಸದೆ ಇಡಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದಲ್ಲಿ ಅಡಿಕೆಯೇ ಬೂಸ್ಟು ಹಿಡಿಯುತ್ತದೆ, ಗಾಳಿಯಲ್ಲಿ ಅಷ್ಟು ತೇವ. ನೀರು ಮಿತಿ ಮೀರಿದಾಗ ಎಥನಾಲ್ ಮತ್ತು ನೀರು ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಬಾಟಲಿಯ ಮಧ್ಯೆ ಗೆರೆ ಎಳೆದ ಹಾಗೆ ಕಾಣುತ್ತದೆ: ಮೇಲೆ ಟೂಟಿ ಆಯಿಲ್ ಬಣ್ಣದ ಪೆಟ್ರೋಲ್, ಕೆಳಗೆ ಸಪ್ಪೆ ಬಣ್ಣದ ನೀರುನೀರಾದದ್ದು. ಟ್ಯಾಂಕಿನ ಫಿಲ್ಟರ್ ಇರುವುದೂ ತಳದಲ್ಲೇ. ಅಂದರೆ ಇಂಜಿನ್ ಹೀರುವುದು ಆ ಕೆಳಗಿನ ಪದರವನ್ನೇ. ಅದರಲ್ಲಿ ಆಯಿಲ್ ಅಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹೊತ್ತದಿದ್ದರೆ ಪುಣ್ಯ, ಹೊತ್ತಿದರೆ ಪಿಸ್ಟನ್‌ಗೆ ಪೆಟ್ಟು. ಗೆರೆ ಕಂಡರೆ ಆ ಪೆಟ್ರೋಲ್ ಮತ್ತೆ ಬಳಸಬೇಡಿ.

ಗೆರೆ ಕಾಣದಿದ್ದರೆ ಬಗ್ಗಿಸಿದ ತಂತಿಯಲ್ಲಿ ಫಿಲ್ಟರ್ ಹೊರಗೆಳೆಯಿರಿ. ಕಪ್ಪಾಗಿ ಗಟ್ಟಿಯಾಗಿದ್ದರೆ ಹೊಸದು ಹಾಕಿ. ಪೈಪನ್ನು ಬಗ್ಗಿಸಿ ನೋಡಿ, ಟ್ಯಾಂಕಿನ ಒಳಗೆ ಹೋಗುವ ಜಾಗದಲ್ಲೇ ಅದು ಬಿರಿಯುವುದು.

ಇವೆರಡೂ ಸರಿ ಇದ್ದರೆ ಕಾರ್ಬೊರೇಟರ್ ಬಿಚ್ಚಬೇಕು. ಇದರಲ್ಲಿ ಬೈಕಿನ ಹಾಗೆ ಫ್ಲೋಟ್ ಇಲ್ಲ. ಮಷಿನ್ ತಲೆಕೆಳಗಾದರೂ ಓಡಬೇಕಲ್ಲ, ಅದಕ್ಕೆ ಡಯಾಫ್ರಮ್ ಎಂಬ ತೆಳು ರಬ್ಬರ್ ಪೊರೆ. ಹೊಸ ಪೊರೆ ಹಸಿ ವೀಳ್ಯದೆಲೆಯ ಹಾಗೆ ಮೆತ್ತಗೆ, ಬೆರಳು ಒತ್ತಿದರೆ ಸದ್ದಿಲ್ಲದೆ ಬಗ್ಗುತ್ತದೆ. ಹಳೆಯದನ್ನು ಕಿವಿಯ ಹತ್ತಿರ ಹಿಡಿದು ಒತ್ತಿ ನೋಡಿ. ಚರ್ ಚರ್ ಅನ್ನುತ್ತದೆ, ಒಣಗಿದ ಎಲೆ ಮುರಿದ ಹಾಗೆ. ಆ ಸದ್ದು ಬಂದರೆ ಪೊರೆ ಮುಗಿಯಿತು. ಅದು ಸೂಜಿಯನ್ನು ಎತ್ತಲಾರದು, ಪೆಟ್ರೋಲ್ ಒಳಗೆ ಬರಲಾರದು. ಹೊಸ ಪೊರೆ, ಗ್ಯಾಸ್ಕೆಟ್‌ಗಳ ಕಿಟ್ ಹಾಕುವಾಗ ಒಂದು ಕಡೆ ಎಡವುತ್ತಾರೆ. ಸೂಜಿ ಮತ್ತು ಸಣ್ಣ ಲಿವರ್ ಇರುವ ಕಡೆ ಮೊದಲು ಗ್ಯಾಸ್ಕೆಟ್, ಅದರ ಮೇಲೆ ಪೊರೆ. ಪಂಪ್ ಇರುವ ಇನ್ನೊಂದು ಕಡೆ ಮೊದಲು ಪೊರೆ, ಆಮೇಲೆ ಗ್ಯಾಸ್ಕೆಟ್. ಅದಲು ಬದಲಾದರೆ ಹೊಸ ಕಿಟ್ ಹಾಕಿಯೂ ಮಷಿನ್ ಓಡುವುದಿಲ್ಲ. ಬಿಚ್ಚುವಾಗ ಮೊಬೈಲಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಓಡುತ್ತದೆ, ಹತ್ತು ನಿಮಿಷಕ್ಕೆ ನಿಲ್ಲುತ್ತದೆ

ನಿಂತ ತಕ್ಷಣ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ನಿಧಾನಕ್ಕೆ ಸಡಿಲ ಮಾಡಿ, ಕಿವಿ ಕೊಡಿ. ಗಾಳಿ ಒಳಗೆ ಎಳೆದುಕೊಂಡ ಹಾಗೆ ಸುಯ್ ಅಂದಿತಾ? ಮುಚ್ಚಳ ಹಾಕಿ ಎಳೆದರೆ ಮತ್ತೆ ಸ್ಟಾರ್ಟ್ ಆಯಿತಾ? ಹಾಗಾದರೆ ಟ್ಯಾಂಕಿಗೆ ಗಾಳಿ ಬಿಡುವ ವೆಂಟ್ ಕಟ್ಟಿಕೊಂಡಿದೆ. ಪೆಟ್ರೋಲ್ ಖಾಲಿಯಾದ ಜಾಗಕ್ಕೆ ಗಾಳಿ ಬಾರದೆ ಒಳಗೆ ನಿರ್ವಾತವಾಗಿ ಪೆಟ್ರೋಲ್ ಎಳೆಯಲು ಆಗುತ್ತಿಲ್ಲ. ಸಣ್ಣ ಬೆಲೆಯ ಭಾಗ. ಇದೊಂದು ಗೊತ್ತಿಲ್ಲದೆ ಕಾರ್ಬೊರೇಟರನ್ನೇ ಬದಲಿಸಿದವರನ್ನು ಕಂಡಿದ್ದೇನೆ, ಬೇಜಾರಾಗುತ್ತದೆ.

ಸುಯ್ ಸದ್ದು ಇಲ್ಲದಿದ್ದರೆ ಬಿಸಿ ಇರುವಾಗಲೇ ಕಿಡಿ ನೋಡಿ. ತಣ್ಣಗಿದ್ದಾಗ ಚೆನ್ನಾಗಿ ಕಿಡಿ ಕೊಟ್ಟು, ಬಿಸಿಯಾದ ಮೇಲೆ ಸತ್ತುಹೋಗುವ ಕಾಯಿಲ್ ಇರುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಮತ್ತೆ ಸರಿ ಇರುತ್ತದೆ. ಅದಕ್ಕೇ ಅಂಗಡಿಗೆ ತಂದಾಗ ದೋಷ ಕಾಣುವುದೇ ಇಲ್ಲ.

ಆಕ್ಸಿಲರೇಟರ್ ಒತ್ತಿದರೆ ಗೊಗ್ಗರಿಸುತ್ತದೆ, ಶಕ್ತಿ ಇಲ್ಲ

ಇದು ಓಡಿ ಕೆಟ್ಟ ಮಷಿನ್‌ನ ದೋಷ. ಮೊದಲು ಚೈನ್ ಬ್ರೇಕ್ ಬಿಟ್ಟಿದೆಯಾ ನೋಡಿ. ಆಮೇಲೆ ಏರ್ ಫಿಲ್ಟರ್. ಒಣ ಅಕೇಶಿಯಾ, ಒಣ ಹಲಸು ಕೊಯ್ದ ದಿನ ಫಿಲ್ಟರ್ ಮೇಲೆ ಹಿಟ್ಟಿನಂಥ ಹುಡಿ ಕೂರುತ್ತದೆ. ಫಿಲ್ಟರ್ ಒಳಭಾಗಕ್ಕೆ ಗಾಳಿ ಊದಿ ಹೊರಗೆ ತಳ್ಳಬೇಕು, ಹೊರಗಿನಿಂದ ಊದಿದರೆ ಹುಡಿ ಇನ್ನೂ ಒಳಕ್ಕೆ ಸೇರುತ್ತದೆ.

ಅದೂ ಸರಿ ಇದ್ದರೆ ಸೈಲೆನ್ಸರ್. ಬಾಯಲ್ಲಿ ಕಿಡಿ ತಡೆಯುವ ಸಣ್ಣ ಜಾಲರಿ ಇರುತ್ತದೆ. ಟೂಟಿ ಆಯಿಲ್ ಜಾಸ್ತಿ ಹಾಕುವವರ ಮಷಿನ್‌ನಲ್ಲಿ ಆ ಜಾಲರಿ ಮಸಿ ಹಿಡಿದು ಮುಚ್ಚಿಹೋಗಿರುತ್ತದೆ. ಬಿಚ್ಚಿ, ಕೆಂಪಗೆ ಕಾಯಿಸಿ, ತಂತಿ ಬ್ರಷ್‌ನಲ್ಲಿ ಉಜ್ಜಿ ಮತ್ತೆ ಹಾಕಿ. ಬೇಸಿಗೆಯಲ್ಲಿ ಬೆಟ್ಟದ ಒಣ ದರಕಿನ (ಉದುರಿದ ಎಲೆಯ) ಮೇಲೆ ಒಂದು ಕಿಡಿ ಸಾಕು, ಜಾಲರಿ ಬಿಸಾಡಬೇಡಿ. ಕೂತ ಮಷಿನ್‌ನಲ್ಲೂ ಸೈಲೆನ್ಸರ್ ಮುಚ್ಚಿರುವುದುಂಟು, ಆದರೆ ಕಾರಣ ಬೇರೆ. ಹೋದ ಅಕ್ಟೋಬರಿನಲ್ಲಿ ಒಂದರಿಂದ ಕಣಜದ ಹುಳು ಕಟ್ಟಿದ ಮಣ್ಣಿನ ಗೂಡನ್ನು ಮೂರು ಉಂಡೆಯಾಗಿ ತೆಗೆದೆ.

ಕೈ ಬಿಟ್ಟರೂ ರೇಸ್ ಇಳಿಯುವುದಿಲ್ಲ

ಈ ದೋಷ ಕಂಡರೆ ದಯವಿಟ್ಟು ಕೊಯ್ಯುವುದನ್ನು ಅಲ್ಲಿಗೇ ನಿಲ್ಲಿಸಿ. ಆಕ್ಸಿಲರೇಟರ್ ಕೇಬಲ್ ಅಥವಾ ಕಡ್ಡಿ ಸಿಕ್ಕಿಕೊಂಡಿಲ್ಲ ಎಂದು ಖಾತ್ರಿಯಾದ ಮೇಲೂ ರೇಸ್ ನಿಧಾನಕ್ಕೆ ಇಳಿಯುತ್ತಿದ್ದರೆ, ಅಥವಾ ಮಷಿನ್ ಓರೆ ಮಾಡಿದ ಹಾಗೆಲ್ಲ ರೇಸ್ ಬದಲಾಗುತ್ತಿದ್ದರೆ, ಎಲ್ಲೋ ಕಳ್ಳಗಾಳಿ ಸೇರುತ್ತಿದೆ. ಕಾರ್ಬೊರೇಟರ್ ಮತ್ತು ಸಿಲಿಂಡರ್ ನಡುವಿನ ರಬ್ಬರ್ ಬಿರಿದಿರಬಹುದು, ಕ್ರ್ಯಾಂಕ್ ಸೀಲ್ ಹೋಗಿರಬಹುದು. ಗಾಳಿ ಜಾಸ್ತಿಯಾದರೆ ಪೆಟ್ರೋಲ್ ಕಡಿಮೆ. ಪೆಟ್ರೋಲ್ ಜೊತೆಗೇ ಆಯಿಲ್ ಬರುವುದರಿಂದ ಆಯಿಲೂ ಕಡಿಮೆ. ಮಷಿನ್ ಆಗ ಎಂದಿಲ್ಲದ ಚುರುಕಿನಲ್ಲಿ ಕಿರುಚುತ್ತಾ ಓಡುತ್ತದೆ, ಕೇಳಲು ಚೆಂದವೂ ಅನ್ನಿಸುತ್ತದೆ. ಆಮೇಲೆ ಸೀಜ್, ಅಂದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ.

ಐಡಲ್ ಸದ್ದು ಸರಿಯಾಗೇ ಇದ್ದು ಚೈನ್ ಮಾತ್ರ ತಿರುಗುತ್ತಿದ್ದರೆ ಅದು ಬೇರೆ ದೋಷ. ಐಡಲ್ ಸ್ಕ್ರೂ ಸ್ವಲ್ಪ ಹಿಂದೆ ತಿರುಗಿಸಿ. ಆದರೂ ನಿಲ್ಲದಿದ್ದರೆ ಕ್ಲಚ್ಚಿನ ಸ್ಪ್ರಿಂಗ್ ತುಂಡಾಗಿದೆ.

ಸೀಜ್ ಆಗಿದೆಯೇ ಎಂದು ನೋಡುವುದು

ಹಗ್ಗ ಹಗುರಾಗಲು ಒತ್ತುವ ಡೀಕಂಪ್ರೆಶನ್ ಗುಂಡಿ ಇದ್ದರೆ ಅದನ್ನು ಒತ್ತದೆ, ಹಗ್ಗದ ಹಿಡಿಕೆಯಲ್ಲಿ ಮಷಿನ್ ಎತ್ತಿ ಹಿಡಿಯಿರಿ. ತಡೆ ತಡೆದು ಇಳಿದರೆ ಕಂಪ್ರೆಶನ್ ಇದೆ. ಬಾವಿಗೆ ಬಿಟ್ಟ ಕೊಡದ ಹಾಗೆ ಸರ್ರನೆ ಇಳಿದರೆ ಅನುಮಾನ. ಗೇಜ್ ಇದ್ದರೆ ಇನ್ನೂ ಒಳ್ಳೆಯದು: 120 ಪಿಎಸ್‌ಐ ಮೇಲಿದ್ದರೆ ನೆಮ್ಮದಿ, 90ರ ಕೆಳಗೆ ಬಂದರೆ ಸ್ಟಾರ್ಟ್ ಆಗುವುದೇ ಕಷ್ಟ.

ಸೈಲೆನ್ಸರ್ ಬಿಚ್ಚಿ, ಹಗ್ಗ ನಿಧಾನಕ್ಕೆ ಎಳೆಯುತ್ತಾ ಟಾರ್ಚ್ ಬಿಟ್ಟು ಪಿಸ್ಟನ್ ನೋಡಿ. ಒಳ್ಳೆಯ ಪಿಸ್ಟನ್ ಬೂದು ಬಣ್ಣಕ್ಕೆ ನಯವಾಗಿ ಇರುತ್ತದೆ. ಕೆಟ್ಟದ್ದರ ಮೇಲೆ ಮೇಲಿಂದ ಕೆಳಕ್ಕೆ ಗೀರುಗಳು, ಉಗುರಿಗೆ ಸಿಗುವಷ್ಟು. ಹೊಗೆ ಹೋಗುವ ಕಡೆ ಮಾತ್ರ ಗೀರಿದ್ದರೆ ಪೆಟ್ರೋಲ್ ಕಡಿಮೆಯಾಗಿ ಅತಿಯಾಗಿ ಬಿಸಿಯಾಗಿದೆ. ಸುತ್ತಲೂ ಇದ್ದರೆ ಆಯಿಲ್ ಇಲ್ಲದ ಪೆಟ್ರೋಲ್ ಹಾಕಿದ್ದಾರೆ. ಕಾರ್ಬೊರೇಟರ್ ಕಡೆ ಮಂಕಾಗಿ ಸವೆದಿದ್ದರೆ ಏರ್ ಫಿಲ್ಟರ್ ದಾಟಿ ಧೂಳು ಹೋಗಿದೆ. ಕಾರಣ ಹುಡುಕದೆ ಹೊಸ ಪಿಸ್ಟನ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಮನೆ ಮಷಿನ್‌ಗೂ ವೃತ್ತಿಯ ಮಷಿನ್‌ಗೂ ಇರುವ ನಿಜವಾದ ವ್ಯತ್ಯಾಸ ತಿಳಿಯುವುದು ಇಲ್ಲಿ. ದೊಡ್ಡ ಮಷಿನ್‌ನ ಕ್ರ್ಯಾಂಕ್ ಕೇಸ್ ಮೆಗ್ನೀಷಿಯಂ ಲೋಹದ್ದು, ಸಿಲಿಂಡರ್ ಅದರ ಮೇಲೆ ನಾಲ್ಕು ಸ್ಕ್ರೂಗಳಲ್ಲಿ ಕೂತಿರುತ್ತದೆ. ನಾಲ್ಕು ಬಿಚ್ಚಿದರೆ ಪಿಸ್ಟನ್ ಕಣ್ಣೆದುರಿಗೆ. ಮನೆ ಮಷಿನ್‌ನಲ್ಲಿ ಪ್ಲಾಸ್ಟಿಕ್ ಮೈಯೊಳಗೆ ಇಡೀ ಇಂಜಿನ್ ಕೂರಿಸಿರುತ್ತಾರೆ. ಸಿಲಿಂಡರ್ ಮತ್ತು ಕೆಳಗಿನ ತಟ್ಟೆ ಎರಡು ಚಿಪ್ಪುಗಳ ಹಾಗೆ ಕ್ರ್ಯಾಂಕನ್ನು ಅಪ್ಪಿರುತ್ತವೆ. ಪಿಸ್ಟನ್ ಬೇಕೆಂದರೆ ಇಡೀ ಇಂಜಿನ್ ಹೊರತೆಗೆದು, ಸೀಲಂಟ್ ಹಚ್ಚಿ ಮತ್ತೆ ಜೋಡಿಸಬೇಕು. ಅರ್ಧ ದಿನದ ಕೆಲಸ. ಹಾಗಾಗಿ ಸೀಜ್ ಆದ ದೊಡ್ಡ ಮಷಿನ್ ರಿಪೇರಿ ಮಾಡಿಸಿ ಎನ್ನುತ್ತೇನೆ. ಸೀಜ್ ಆದ ಹಳೆಯ ಮನೆ ಮಷಿನ್ ಆದರೆ ಭಾಗಗಳಿಗೆ ಇಟ್ಟುಕೊಂಡು ಹೊಸದು ತನ್ನಿ ಎನ್ನುತ್ತೇನೆ.

ಇಂಜಿನ್ ಸರಿ ಇದೆ, ಮರ ಕೊಯ್ಯುತ್ತಿಲ್ಲ

ಕೆಳಗೆ ಬಿದ್ದದ್ದನ್ನು ಕೈಗೆ ತೆಗೆದುಕೊಳ್ಳಿ. ಚಕ್ಕೆ ಚಕ್ಕೆಯಾಗಿದ್ದರೆ ಚೈನ್ ಹರಿತ ಇದೆ. ನಯ ಹುಡಿಯಾಗಿದ್ದರೆ ಮೊಂಡಾಗಿದೆ. ಮೊಂಡು ಚೈನನ್ನು ಒತ್ತಿ ಒತ್ತಿ ಕೊಯ್ಯುವುದರಿಂದ ಚೈನ್ ಸುತ್ತುವ ಬಾರ್, ಕ್ಲಚ್, ಇಂಜಿನ್ ಮೂರೂ ಹಾಳು. ತೆಂಗಿನ ಮರದ ಮೊಳೆ, ಬೇಲಿಯ ಮರದೊಳಗೆ ಸೇರಿಹೋದ ತಂತಿ, ಬುಡಕ್ಕೆ ತಾಗಿದ ಚಿರೇಕಲ್ಲು, ಇವು ಒಂದು ಕ್ಷಣದಲ್ಲಿ ಇಡೀ ಚೈನಿನ ಹರಿತ ತೆಗೆಯುತ್ತವೆ.

ಅರ ಸರಿಯಾದ ದಪ್ಪದ್ದೇ ಬೇಕು. 3/8, .325 ಅನ್ನುವುದು ಚೈನಿನ ಕೊಂಡಿಯ ಅಳತೆ, ಇಂಚಿನಲ್ಲಿ. ಮನೆ ಮಷಿನ್‌ಗಳಲ್ಲಿ ಹೆಚ್ಚಾಗಿ ಬರುವ ಕುಳ್ಳ 3/8 ಚೈನಿಗೆ 4 ಮಿ.ಮೀ., .325 ಚೈನಿಗೆ 4.8 ಮಿ.ಮೀ. ದುಂಡಗಿನ ಅರ. ದೊಡ್ಡ ಮಷಿನ್‌ನ 3/8ಕ್ಕೆ 5.2 ಅಥವಾ 5.5, ಚೈನ್ ಕಂಪನಿ ಹೇಳಿದಂತೆ. ಕೋನ ಸಾಮಾನ್ಯವಾಗಿ 30 ಡಿಗ್ರಿ. ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಿ, ಹಿಂದಕ್ಕೆ ಎಳೆದು ಉಜ್ಜಬೇಡಿ. ಎಡದ ಹಲ್ಲಿಗೆ ಮೂರು ಸಲ ಹಾಕಿದರೆ ಬಲದ ಹಲ್ಲಿಗೂ ಮೂರೇ. ಒಂದು ಕಡೆ ಉದ್ದ ಉಳಿದರೆ ಕೊಯ್ತ ಬಾಳೆಹಣ್ಣಿನ ಹಾಗೆ ಬಾಗುತ್ತದೆ. ಹಲ್ಲು ಸಮ ಇದ್ದೂ ಬಾಗುತ್ತಿದ್ದರೆ ಬಾರಿನ ಒಂದು ಅಂಚು ಸವೆದಿದೆ. ಹಲ್ಲಿನ ಮುಂದಿನ ಗಿಡ್ಡ ಗೂಟವನ್ನೂ ನಾಲ್ಕೈದು ಸಲ ಅರ ಹಾಕಿದ ಮೇಲೆ ಗೇಜ್ ಇಟ್ಟು ನೋಡಬೇಕು. ಹಲ್ಲಿಗಿಂತ ಸುಮಾರು 0.65 ಮಿ.ಮೀ. ಕೆಳಗಿರಬೇಕು. ಬೇಗ ಕೊಯ್ಯಲಿ ಎಂದು ಅದನ್ನು ಜಾಸ್ತಿ ಉಜ್ಜಿದರೆ ಮಷಿನ್ ಒದೆಯುತ್ತದೆ, ಜೀವಕ್ಕೆ ಅಪಾಯ.

ಬಾರಿನಿಂದ ಹೊಗೆ ಬಂದರೆ ಚೈನ್ ಆಯಿಲ್ ಬರುತ್ತಿಲ್ಲ. ಒಂದು ಒಣ ಅಡಿಕೆ ಹಾಳೆ ತನ್ನಿ. ಅದರ ಬಿಳಿಯ ಒಳಮೈ ಮೇಲೆ ನಾಲ್ಕು ಬೆರಳು ಎತ್ತರದಲ್ಲಿ ಬಾರಿನ ತುದಿ ಹಿಡಿದು ರೇಸ್ ಕೊಡಿ. ಅರ್ಧ ನಿಮಿಷದಲ್ಲಿ ಆಯಿಲ್ ಹನಿಗಳ ಗೆರೆ ಮೂಡಬೇಕು. ಮೂಡದಿದ್ದರೆ ಬಾರ್ ಬಿಚ್ಚಿ ಅದರ ಸಣ್ಣ ತೂತು, ಚೈನ್ ಓಡುವ ಸೀಳಿನಲ್ಲಿ ತುಂಬಿದ ಹುಡಿ ತೆಗೆಯಿರಿ. ಸಾಕಾಗದಿದ್ದರೆ ಆಯಿಲ್ ಟ್ಯಾಂಕಿನ ಫಿಲ್ಟರ್, ಆಮೇಲೆ ಪಂಪ್. ಬೈಕಿನಿಂದ ತೆಗೆದ ಕರಿ ಆಯಿಲ್ ಹಾಕುವ ರೂಢಿ ನಮ್ಮಲ್ಲಿ ಬಹಳ ಇದೆ. ಬೇಡ. ಅದರಲ್ಲಿರುವ ಮಸಿ ಮತ್ತು ಲೋಹದ ಪುಡಿ ಪಂಪನ್ನು ತಿನ್ನುತ್ತದೆ, ಕೊಯ್ಯುವವನ ಮೈಗೂ ತೋಟದ ಮಣ್ಣಿಗೂ ಅದು ವಿಷ.

ಸ್ಕ್ರೂಗಳು

ಮೇಲಿನದೆಲ್ಲ ಸರಿ ಇದ್ದು, ಫಿಲ್ಟರ್ ಸ್ವಚ್ಛ, ಚೈನ್ ಹರಿತ, ಇಂಜಿನ್ ಬಿಸಿ ಇದ್ದಾಗ ಮಾತ್ರ ಇಲ್ಲಿಗೆ ಬನ್ನಿ. ಎಚ್ (ಪೂರ್ತಿ ರೇಸಿನ ಪೆಟ್ರೋಲ್ ಸ್ಕ್ರೂ) ಮತ್ತು ಎಲ್ (ಕಡಿಮೆ ರೇಸಿನದು) ಎರಡನ್ನೂ ಮೆಲ್ಲಗೆ ಮುಚ್ಚಿ ಒಂದೊಂದು ಸುತ್ತು ತೆರೆಯುವುದು ಬಹಳಷ್ಟು ಮಷಿನ್‌ಗಳಿಗೆ ಶುರುವಿನ ಜಾಗ. ನಿಮ್ಮದರ ಪುಸ್ತಕದಲ್ಲಿ ಬೇರೆ ಇದ್ದರೆ ಅದೇ ಸರಿ. ಎಚ್ ಸ್ಕ್ರೂವನ್ನು ಪೂರ್ತಿ ರೇಸಿನಲ್ಲಿ ಸ್ವಲ್ಪ ಒಡಕು ಸದ್ದು ಉಳಿಯುವಂತೆ ಬಿಡಿ. ಮರಕ್ಕೆ ಇಟ್ಟಾಗ ಆ ಒಡಕು ಹೋಗಿ ಸದ್ದು ಸ್ಪಷ್ಟವಾಗಬೇಕು. ಹೊಸ ವೃತ್ತಿ ಮಷಿನ್‌ಗಳಲ್ಲಿ ಎಂ-ಟ್ರಾನಿಕ್, ಆಟೋಟ್ಯೂನ್ ಎಂದು ಬರೆದಿದ್ದರೆ ಹುಡುಕಬೇಡಿ, ಅವುಗಳಲ್ಲಿ ಈ ಸ್ಕ್ರೂಗಳೇ ಇಲ್ಲ.

ಯಾವುದು ತರಬೇಕು

ವರ್ಷಕ್ಕೆ ಬಚ್ಚಲೊಲೆಯ ಕಟ್ಟಿಗೆ, ಸತ್ತ ಅಡಿಕೆ ಮರ, ಗಾಳಿಗೆ ಮುರಿದ ಕೊಂಬೆ, ಇಷ್ಟೇ ಕೆಲಸವಾದರೆ 30–35 ಸಿಸಿ ಸಾಕು. ಸ್ಟಿಲ್ ಎಂಎಸ್ 180 ಅಂಥದ್ದು, 31.8 ಸಿಸಿ. ಹಗುರ, ಕೈ ಸೋಲುವುದಿಲ್ಲ. ಆದರೆ ಅದರಲ್ಲಿ ದಿನವಿಡೀ ಮತ್ತಿ, ಜಂಬೆಯ ದಿಮ್ಮಿ ಕೊಯ್ಯಲು ಹೋಗಬೇಡಿ. ದಿನಾ ಅದೇ ಕೆಲಸ ಮಾಡುವವರಿಗೆ 70 ಸಿಸಿ ಆಸುಪಾಸಿನದು ಬೇಕು. ಸ್ಟಿಲ್ ಎಂಎಸ್ 382 ಆದರೆ 72.2 ಸಿಸಿ, ಹಸ್ಕ್‌ವಾರ್ನಾ 372 ಎಕ್ಸ್‌ಪಿ 70.7 ಸಿಸಿ. ಮನೆಗೆ ಅದನ್ನು ತಂದರೆ ಭಾರಕ್ಕೆ ಹೆದರಿ ಅಟ್ಟ ಸೇರುತ್ತದೆ, ಕೂತು ಕೆಡುತ್ತದೆ. ಸಿಸಿ ಒಂದನ್ನೇ ನೋಡಿ ಕೊಳ್ಳಬೇಡಿ. ಕೇಸ್ ಲೋಹದ್ದೋ ಪ್ಲಾಸ್ಟಿಕ್ಕೋ, ಡಯಾಫ್ರಮ್ ಕಿಟ್, ಕ್ಲಚ್, ಸೀಲ್ ನಿಮ್ಮ ಊರಿಗೆ ಹತ್ತಿರದ ಪೇಟೆಯಲ್ಲಿ ಸಿಗುತ್ತದೋ ಎಂದು ಅಂಗಡಿಯಲ್ಲೇ ಕೇಳಿ.

ಮಳೆಗಾಲಕ್ಕೆ

ಮಷಿನ್ ಬೇಕಾಗುವುದು ಮಳೆಗಾಲದ ರಾತ್ರಿಯೇ, ಪೂರ್ತಿ ಕಟ್ಟಿಡಲು ಆಗುವುದಿಲ್ಲ. ನಾನು ಮನೆಯಲ್ಲಿ ಮಾಡುವುದು ಹೀಗೆ: ಕೆಲಸ ಮುಗಿದ ದಿನವೇ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ಆರುವವರೆಗೆ ಓಡಿಸಿ, ಚೈನ್ ಸಡಿಲ ಬಿಟ್ಟು ಆಯಿಲ್ ಒರೆಸುತ್ತೇನೆ. ಸೈಲೆನ್ಸರ್ ಬಾಯಿಗೆ ಕೆಂಪು ಬಟ್ಟೆ ತುರುಕಿ, ತುದಿ ಹೊರಗೆ ಕಾಣುವಂತೆ ಬಿಡುತ್ತೇನೆ. ಪಕ್ಕದಲ್ಲಿ ಬಿಗಿ ಮುಚ್ಚಳದ ಸಣ್ಣ ಕ್ಯಾನಿನಲ್ಲಿ ಅರ್ಧ ಲೀಟರ್ ಮಿಶ್ರಣ. 50ಕ್ಕೆ 1 ಎಂದು ಬರೆದ ಒಳ್ಳೆಯ ಟೂಟಿ ಆಯಿಲ್ ಆದರೆ ಅದಕ್ಕೆ 10 ಮಿ.ಲೀ. 25ಕ್ಕೆ 1 ಬೇಕೆನ್ನುವ ಮಷಿನ್ ಅಥವಾ ಆಯಿಲ್ ಆದರೆ 20. ಕ್ಯಾನಿನ ಮೇಲೆ ತಾರೀಖು ಬರೆದ ಪಟ್ಟಿ ಅಂಟಿಸಿರುತ್ತೇನೆ. ಮೂವತ್ತು ದಿನ ದಾಟಿದರೆ, ತಳದಲ್ಲಿ ಗೆರೆ ಇಲ್ಲವೆಂದು ನೋಡಿಕೊಂಡು, ಅದನ್ನು ಬೈಕಿನ ತುಂಬಿದ ಟ್ಯಾಂಕಿಗೆ ಸುರಿದು ಹೊಸದು ಕಲಸಿಡುತ್ತೇನೆ.